‘ಉಂಡು ಮಲಗುವ ತನಕ’ವೇ? ಕಥೆಗಳಲ್ಲಿ ಮನೆಯೊಳಗಿನ ಹಿಂಸೆ ಮತ್ತು ಹೆಣ್ಣಿನ ಪ್ರತಿರೋಧ

ಸುಂಟಿಕೊಪ್ಪದ ಓದುಗಿ (ಚರ್ಚೆಯ ಆರಂಭ)

ಮಡಿಕೇರಿಯಲ್ಲಿ ತಿಂಗಳಿಗೊಮ್ಮೆ ಸೇರುವ ನಮ್ಮ ಓದಿನ ಕೂಟದಲ್ಲಿ ಈ ಮಳೆಗಾಲವಿಡೀ ಗಂಡನ ಮನೆಯಲ್ಲಿ ಹಿಂಸೆಗೆ ಸಿಲುಕಿದ ಹೆಂಗಸರ ಕಥೆಗಳನ್ನೇ ಓದಿದೆವು. ಕನ್ನಡದವೂ ಇದ್ದವು, ಹೊರಗಿನವೂ ಇದ್ದವು. ಯಾವ ಕಥೆ ಮುಗಿದರೂ ಯಾರಾದರೊಬ್ಬರು ಕೇಳುವ ಮೊದಲ ಪ್ರಶ್ನೆ ಮಾತ್ರ ಒಂದೇ: ‘ಅವಳು ಮನೆ ಬಿಟ್ಟು ಹೋದಳೋ, ಇಲ್ಲವೋ?’ ಹೋಗಿದ್ದರೆ ಅದು ಪ್ರತಿರೋಧದ ಕಥೆ, ಹೋಗದಿದ್ದರೆ ಸಹನೆಯ ಕಥೆ ಎಂದು ತೂಗಿ ಬದಿಗಿಡುತ್ತಿದ್ದೆವು. ಈ ತಕ್ಕಡಿಯಲ್ಲೇ ಏನೋ ದೋಷವಿದೆ ಎಂದು ನನಗೆ ಅನ್ನಿಸತೊಡಗಿದೆ.

ಹಾಗೆ ಅನ್ನಿಸಿದ್ದು ಅಮೆರಿಕದ ಸೂಸನ್ ಗ್ಲಾಸ್‌ಪೆಲ್ 1917ರಲ್ಲಿ ಬರೆದ ಒಂದು ಕಥೆಯಿಂದ. ಅಯೋವಾದ ಒಂದು ಹೊಲಮನೆಯಲ್ಲಿ 1900ರ ಡಿಸೆಂಬರಿನಲ್ಲಿ ನಡೆದ ಕೊಲೆಯ ಬಗ್ಗೆ ಆಕೆ ಪತ್ರಿಕೆಗೆ ವರದಿ ಮಾಡಿದ್ದರು. ಅದೇ ವಸ್ತುವನ್ನು 1916ರಲ್ಲಿ ಏಕಾಂಕ ನಾಟಕ ಮಾಡಿ, ಮರುವರ್ಷ ಕಥೆಯಾಗಿ ಬರೆದರು. ಕಥೆಯಲ್ಲಿ ಗಂಡ ಕೊರಳಿಗೆ ಹಗ್ಗ ಬಿಗಿದು ಹಾಸಿಗೆಯಲ್ಲೇ ಸತ್ತಿದ್ದಾನೆ, ಹೆಂಡತಿ ಮಿನ್ನಿ ಸೆರೆಯಲ್ಲಿದ್ದಾಳೆ. ಕೊಲೆಗೆ ಕಾರಣ ಹುಡುಕುತ್ತ ಅಧಿಕಾರಿಗಳು ಮಹಡಿ, ಕೊಟ್ಟಿಗೆ ಎಲ್ಲವನ್ನೂ ಸುತ್ತುತ್ತಾರೆ. ಜೊತೆಗೆ ಬಂದ ಇಬ್ಬರು ಹೆಂಗಸರು ಅಡುಗೆಮನೆಯಲ್ಲಿ ಉಳಿಯುತ್ತಾರೆ. ಅವರ ಕಣ್ಣಿಗೆ ಬೀಳುವುದು ಅರ್ಧ ಒರೆಸಿ ಬಿಟ್ಟ ಮೇಜು, ಬಾಗಿಲು ಮುರಿದ ಹಕ್ಕಿಯ ಪಂಜರ, ಮಿನ್ನಿ ಹೊಲಿಯುತ್ತಿದ್ದ ಕೌದಿ. ಕೌದಿಯ ಹೊಲಿಗೆ ಅಷ್ಟು ದೂರ ನೇರವಾಗಿ ಬಂದು, ಒಂದು ತುಂಡಿನಲ್ಲಿ ಇದ್ದಕ್ಕಿದ್ದಂತೆ ಅಡ್ಡಾದಿಡ್ಡಿಯಾಗಿದೆ. ಇಬ್ಬರಲ್ಲಿ ಒಬ್ಬಳು ಏನೂ ಹೇಳದೆ ಆ ಹೊಲಿಗೆಯನ್ನು ಬಿಚ್ಚಿ, ಸೂಜಿಗೆ ದಾರ ಪೋಣಿಸಿ, ನೆಟ್ಟಗೆ ಹೊಲಿಯಲು ಕೂರುತ್ತಾಳೆ. ಆಮೇಲೆ ಹೊಲಿಗೆಯ ಸಾಮಾನಿನ ನಡುವೆ ಒಂದು ಪೆಟ್ಟಿಗೆ ಸಿಗುತ್ತದೆ; ಒಳಗೆ ರೇಷ್ಮೆ ಬಟ್ಟೆಯಲ್ಲಿ ಸುತ್ತಿದ, ಕತ್ತು ತಿರುಚಿದ ಕ್ಯಾನರಿ ಹಕ್ಕಿ. ಮದುವೆಗೆ ಮೊದಲು ಚರ್ಚಿನಲ್ಲಿ ಹಾಡುತ್ತಿದ್ದ ಮಿನ್ನಿಯ ಮನೆಯಲ್ಲಿ ಕೊನೆಗೆ ಹಾಡುತ್ತಿದ್ದುದು ಅದೊಂದೇ. ಗಂಡಸರು ಕೆಳಗಿಳಿದು ಬರುವಷ್ಟರಲ್ಲಿ ಆ ಪೆಟ್ಟಿಗೆ ಪಕ್ಕದ ಹೊಲದವಳ ಕೋಟಿನ ಜೇಬು ಸೇರಿರುತ್ತದೆ.

ಇಲ್ಲಿ ಮಿನ್ನಿ ಒಮ್ಮೆಯೂ ನಮ್ಮ ಮುಂದೆ ಬರುವುದಿಲ್ಲ. ಪ್ರತಿರೋಧ ನಡೆಯುವುದು ತಡವಾಗಿ ಬಂದ ನೆರೆಯವಳ ಕೈಯಲ್ಲಿ. ಆ ಮನೆ ತಗ್ಗಿನಲ್ಲಿತ್ತು, ಅಲ್ಲಿಂದ ರಸ್ತೆಯೂ ಕಾಣುತ್ತಿರಲಿಲ್ಲ, ನಾನು ಆಗಾಗ ಬಂದು ಹೋಗಬೇಕಿತ್ತು ಎಂದು ಆಕೆ ಕೊರಗುತ್ತಾಳೆ. ಬಾರದೆ ಇದ್ದದ್ದನ್ನೂ ಅಪರಾಧವೆಂದೇ ಕರೆಯುತ್ತಾಳೆ.

ತೋಟದ ಮನೆಯಲ್ಲಿ ಬಾಳಿದವರಿಗೆ ಆ ತಗ್ಗು ಗೊತ್ತಿದೆ. ನಮ್ಮಿಂದ ಹತ್ತಿರದ ಮನೆಗೆ ಒಂದು ಕಿಲೋಮೀಟರಿಗೂ ಹೆಚ್ಚು ದಾರಿ. ಕಕ್ಕಡ ತಿಂಗಳಲ್ಲಿ ಜಿಂಕ್ ಶೀಟಿನ ಮೇಲೆ ಮಳೆ ಹೊಡೆಯುವಾಗ ಪಕ್ಕದ ಕೋಣೆಯಿಂದ ಕರೆದರೂ ಕೇಳಿಸದು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಕೆಳಗಿನ ತೋಟದ ಮನೆಯವಳು ವಾರಕ್ಕೊಮ್ಮೆ ಹಾಲಿಗೆ ಹೆಪ್ಪು ಕೇಳಿಕೊಂಡು ಗುಡ್ಡ ಹತ್ತಿ ಬರುತ್ತಿದ್ದಳು. ಅವರ ಮನೆಯಲ್ಲಿ ಎರಡು ಕರೆಯುವ ಹಸುಗಳಿದ್ದವು. ಹೆಪ್ಪಿಗಾಗಿ ಅಷ್ಟು ದೂರ ಏಕೆ ಬರುತ್ತಾಳೆಂದು ನಾನು ಕೇಳಲಿಲ್ಲ. ಲೋಟ ತುಂಬಿಸಿ ಕೊಟ್ಟು ಕಳಿಸುತ್ತಿದ್ದೆ. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆ ನಮ್ಮ ಕಿವಿಗೆ ಹತ್ತಿಯಂತೆ ಕೂತಿರುತ್ತದೆ. ಹೆಣ್ಣು ಬರೆದ ಕಥೆಗಳು ಮೊದಲು ಎದುರಿಸಿದ್ದು ಗಂಡನನ್ನಲ್ಲ, ಈ ಗಾದೆಯನ್ನು ಎಂಬುದು ನನ್ನ ವಾದ. ನಿಮಗೆ ಏನನ್ನಿಸುತ್ತದೆ?

ವಿರಾಜಪೇಟೆಯ ಉಪನ್ಯಾಸಕ

ಕಥೆಯ ಓದು ಚೆನ್ನಾಗಿದೆ, ಆದರೆ ಅದರಿಂದ ತೆಗೆದ ತೀರ್ಮಾನ ನನಗೆ ಸ್ವಲ್ಪ ಭಯ ಹುಟ್ಟಿಸುತ್ತದೆ. ಕೌದಿಯ ಹೊಲಿಗೆ, ಪಂಜರದ ಬಾಗಿಲು, ಅಡುಗೆಮನೆಯ ಮೌನ ಇವನ್ನೆಲ್ಲ ‘ಪ್ರತಿರೋಧ’ ಎಂದು ಕರೆಯುತ್ತ ಹೋದರೆ, ಸಹಿಸಿಕೊಂಡು ಕೂರುವುದಕ್ಕೇ ನಾವು ಒಂದು ಚಂದದ ಹೆಸರು ಕೊಟ್ಟಂತಾಗುವುದಿಲ್ಲವೇ? ತರಗತಿಯಲ್ಲಿ ನಾನಿದನ್ನು ಕಂಡಿದ್ದೇನೆ. ನಾಯಕಿ ನೀರು ತುಂಬಿಸುತ್ತ ಕಣ್ಣೀರು ಒರೆಸಿಕೊಂಡರೂ ಸಾಕು, ಉತ್ತರ ಪತ್ರಿಕೆಯಲ್ಲಿ ‘ಮೌನ ಪ್ರತಿಭಟನೆ’ ಎಂದು ಬರುತ್ತದೆ, ಅದಕ್ಕೆ ಅಂಕವೂ ಸಿಗುತ್ತದೆ.

ಸಾರಾ ಅಬೂಬಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯನ್ನೇ ತೆಗೆದುಕೊಳ್ಳಿ. ತಂದೆ ಮಹಮ್ಮದ್ ಖಾನನ ಮಾತಿಗೆ ಮನೆಯಲ್ಲಿ ಎದುರಿಲ್ಲ. ತಾಯಿ ಫಾತಿಮ್ಮ ಅವನ ಕೋಪದ ನೆರಳಿನಲ್ಲೇ ಬದುಕು ಕಳೆದವಳು. ಮಗಳು ನಾದಿರಾ ಗಂಡನೊಂದಿಗೆ ಚೆನ್ನಾಗಿಯೇ ಬಾಳುತ್ತಿದ್ದರೂ ತಂದೆಯ ಹಟಕ್ಕೆ ತಲಾಖ್ ಆಗುತ್ತದೆ. ಮತ್ತೆ ಅದೇ ಗಂಡನನ್ನು ಸೇರಬೇಕಾದರೆ ಬೇರೊಬ್ಬನನ್ನು ಮದುವೆಯಾಗಿ ಒಂದು ರಾತ್ರಿ ಕಳೆಯಬೇಕೆಂಬ ಕಟ್ಟಳೆ ಎದುರಾದಾಗ ಅವಳು ಮಸೀದಿಯ ಕೆರೆಗೆ ಇಳಿಯುತ್ತಾಳೆ. ಅದನ್ನು ಪ್ರತಿರೋಧವೆಂದು ಓದುವವರಿದ್ದಾರೆ. ನನಗೆ ಅಲ್ಲಿ ಕಾಣುವುದು ಒಂದು ಹೆಣ. ಲೇಖಕಿ ಅದನ್ನು ಬರೆದದ್ದು ಪ್ರತಿರೋಧ, ನಾದಿರಾ ಮಾಡಿದ್ದು ಅಲ್ಲ, ಇವೆರಡನ್ನೂ ಕಲಸಬಾರದು.

ಇದಕ್ಕೆ ಎದುರಾಗಿ ನೈಜೀರಿಯಾ ಮೂಲದ ಬುಚಿ ಎಮೆಚೆಟಾ 1974ರಲ್ಲಿ ಬರೆದ ಕಾದಂಬರಿಯಲ್ಲಿ ಅಡಾ ಎಂಬಾಕೆ ಲಂಡನ್ನಿನಲ್ಲಿ ದುಡಿದು ಮಕ್ಕಳನ್ನೂ ಗಂಡನನ್ನೂ ಸಾಕುತ್ತ, ನಡುವೆ ಒಂದು ಕಾದಂಬರಿಯನ್ನು ಬರೆದು ಮುಗಿಸುತ್ತಾಳೆ. ಗಂಡ ಆ ಹಸ್ತಪ್ರತಿಯನ್ನು ಸುಟ್ಟುಹಾಕುತ್ತಾನೆ. ಏಟುಗಳನ್ನು ಅಷ್ಟು ವರ್ಷ ತಡೆದುಕೊಂಡವಳು ಬೂದಿ ಕಂಡ ಮೇಲೆ ಮಕ್ಕಳನ್ನು ಕರೆದುಕೊಂಡು ಹೊರಡುತ್ತಾಳೆ. ಹೊರಡುವುದನ್ನು ನಾವು ಅಷ್ಟು ಹಗುರವಾಗಿ ಕಾಣಬೇಕಿಲ್ಲ.

ಕುಶಾಲನಗರದ ಓದುಗ

ಎಲ್ಲ ಮನೆಗಳೂ ಹೀಗಿರುವುದಿಲ್ಲ ಎಂಬುದನ್ನೂ ಯಾರಾದರೂ ಹೇಳಬೇಕಲ್ಲ, ಅದಕ್ಕಾಗಿ ಬರೆಯುತ್ತಿದ್ದೇನೆ. ಸ್ತ್ರೀವಾದಿ ಕಥೆಗಳಲ್ಲಿ ಗಂಡ ಎಂದರೆ ಬೆಲ್ಟು ಬಿಚ್ಚಿದವನೇ ಆಗಿರಬೇಕೆಂಬ ನಿಯಮವಿದ್ದಂತಿದೆ. ನಮ್ಮ ತಂದೆ ಒಂದು ದಿನವೂ ತಾಯಿಯ ಮೇಲೆ ಕೈ ಎತ್ತಿದವರಲ್ಲ. ಹಾಗೆ ನೋಡಿದರೆ ಅವರು ತಾಯಿಯ ಜೊತೆ ಮಾತನಾಡುತ್ತಿದ್ದುದೇ ಕಡಿಮೆ.

ಸೋಮವಾರಪೇಟೆಯ ವಕೀಲೆ

ಮೇಲಿನ ಮಹನೀಯರು ತಮ್ಮ ಕೊನೆಯ ವಾಕ್ಯವನ್ನು ಇನ್ನೊಮ್ಮೆ ಓದಿಕೊಳ್ಳಲಿ. ಅದರಲ್ಲಿ ಒಂದು ಕಥೆ ಇದೆ, ಅವರ ತಾಯಿ ಅದನ್ನು ಬೇರೆ ರೀತಿಯಲ್ಲಿ ಬರೆದಿರುತ್ತಿದ್ದರೋ ಏನೋ.

2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2006ರ ಅಕ್ಟೋಬರ್ 26ರಂದು ಜಾರಿಗೆ ಬಂತು. ಅದರ 3ನೆಯ ಪ್ರಕರಣವು ದೈಹಿಕ ಹಿಂಸೆಯ ಜೊತೆಗೆ ಲೈಂಗಿಕ, ಮಾತಿನ ಮತ್ತು ಮಾನಸಿಕ, ಆರ್ಥಿಕ ಹಿಂಸೆಗಳನ್ನೂ ಹಿಂಸೆಯೆಂದೇ ಹೆಸರಿಸಿದೆ. ಅದಕ್ಕೂ ಮೊದಲು ನಮ್ಮ ಕೈಯಲ್ಲಿ ಇದ್ದ ಮುಖ್ಯ ಅಸ್ತ್ರ 1983ರಲ್ಲಿ ದಂಡ ಸಂಹಿತೆಗೆ ಸೇರಿದ 498ಎ; 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85ನೆಯ ಪ್ರಕರಣವಾಗಿದೆ. ಅದು ಗಂಡನನ್ನು ಜೈಲಿಗೆ ಕಳಿಸುವ ಕಾನೂನು. 2005ರದ್ದು ಹೆಂಡತಿಯನ್ನು ಮನೆಯಲ್ಲಿ ಉಳಿಸುವ ಕಾನೂನು. ಮನೆಯ ಮಾಲೀಕತ್ವ ಯಾರ ಹೆಸರಿನಲ್ಲಿದ್ದರೂ ಕೂಡಿ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಆಕೆಗೆ ಇದೆ ಎಂದು 17ನೆಯ ಪ್ರಕರಣ ಹೇಳುತ್ತದೆ. ಆದ್ದರಿಂದ ‘ಅವಳು ಏಕೆ ಮನೆ ಬಿಡಲಿಲ್ಲ’ ಎಂಬ ಪ್ರಶ್ನೆಗೆ ಕಾನೂನಿನ ಮರುಪ್ರಶ್ನೆ ‘ಅವಳೇ ಏಕೆ ಬಿಡಬೇಕು’ ಎಂಬುದು. ಈ ಮಟ್ಟಿಗೆ ನಾನು ಸುಂಟಿಕೊಪ್ಪದವರ ಪಕ್ಷ.

ಆದರೆ ಕಾನೂನಿಗೂ ಕಥೆಗೂ ನಡುವೆ ಒಂದು ಕಂದಕವಿದೆ, ಅದನ್ನು ನಾನು ದಿನವೂ ದಾಟುತ್ತೇನೆ. ಸಂರಕ್ಷಣಾಧಿಕಾರಿಯ ಮುಂದೆ ಕೌಟುಂಬಿಕ ಘಟನಾ ವರದಿ ತುಂಬಿಸುವಾಗ ದಿನಾಂಕ ಬೇಕು, ಸ್ಥಳ ಬೇಕು, ಹಿಂಸೆ ಎಸಗಿದವನ ಹೆಸರು ಬೇಕು. ಎದುರು ಕೂತವಳು ಹೇಳುವುದು ಹೀಗೆ: ‘ಅವರು ಚಪ್ಪಲಿ ಬಿಡುವ ಸದ್ದು ಕೇಳಿದರೆ ಸಾಕು, ನನಗೆ ಗೊತ್ತಾಗುತ್ತದೆ.’ ಇದನ್ನು ಯಾವ ತಾರೀಕಿಗೆ ಬರೆಯಲಿ? ಚಪ್ಪಲಿಯ ಸದ್ದನ್ನು ಬರೆಯುವ ಜಾಗ ಕಥೆಯಲ್ಲಿದೆ, ನಮೂನೆಯಲ್ಲಿ ಇಲ್ಲ.

ಅಂಕಿಅಂಶ ಬೇಕೆನ್ನುವವರಿಗೆ: ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ 18ರಿಂದ 49 ವರ್ಷದ ವಿವಾಹಿತೆಯರ ಪ್ರಮಾಣ ನಾಲ್ಕನೆಯ ಸುತ್ತಿನಲ್ಲಿ ಶೇ. 20.6 ಇದ್ದದ್ದು ಐದನೆಯ ಸುತ್ತಿನಲ್ಲಿ ಶೇ. 44.4 ಆಯಿತು. ಹೊಡೆಯುವವರು ದುಪ್ಪಟ್ಟಾದರೋ, ಹೇಳುವವರು ದುಪ್ಪಟ್ಟಾದರೋ ಎಂಬುದನ್ನು ಸಂಖ್ಯೆ ಹೇಳುವುದಿಲ್ಲ. ನನ್ನ ಅನುಭವದಲ್ಲಿ ಹೇಳುವುದು, ಕೇಳುವವರು ಯಾರು ಎಂಬುದನ್ನು ಅವಲಂಬಿಸಿರುತ್ತದೆ.

ಪೊನ್ನಂಪೇಟೆಯಿಂದ, ಕೊಡವ ಒಕ್ಕವೊಂದರ (ಮನೆತನದ) ಮಗಳು

ಕೇಳುವವರ ಮಾತು ಬಂದದ್ದರಿಂದ ನಮ್ಮ ಮದುವೆಯ ಒಂದು ಪದ್ಧತಿಯನ್ನು ನೆನಪಿಸುತ್ತೇನೆ. ‘ಸಂಬಂಧ ಅಡ್ಕುವೊ’ ಎಂಬ ಶಾಸ್ತ್ರದಲ್ಲಿ ಹೆಣ್ಣಿನ ಕಡೆಯ ಅರುವನೂ (ಒಕ್ಕದ ಪರವಾಗಿ ಮಾತನಾಡುವವನು) ಗಂಡಿನ ಕಡೆಯ ಅರುವನೂ ಎದುರುಬದುರು ನಿಂತು, ಪ್ರಶ್ನೆ ಉತ್ತರಗಳ ರೂಪದಲ್ಲಿ, ಸಣ್ಣ ಕಲ್ಲುಗಳನ್ನು ಕೈಯಿಂದ ಕೈಗೆ ದಾಟಿಸಿ ಹೆಣ್ಣಿಗೆ ಗಂಡನ ಒಕ್ಕದಲ್ಲಿ ಹಕ್ಕು ಕೊಡಿಸುತ್ತಾರೆ. ಮುಂದೆ ಅವಳಿಗೆ ಕಷ್ಟ ಬಂದರೆ ಅವಳ ಪರವಾಗಿ ಮಾತನಾಡಬೇಕಾದವನು ಅರುವ. ಕೊಡವರಲ್ಲಿ ವಿಧವೆಯ ಮರುಮದುವೆಗೂ ಪದ್ಧತಿಯ ಒಪ್ಪಿಗೆಯಿದೆ. ಇದನ್ನೆಲ್ಲ ಹೇಳಿ ‘ನಮ್ಮಲ್ಲಿ ಹೆಣ್ಣಿಗೆ ಗೌರವವಿದೆ’ ಎಂದು ಎದೆಯುಬ್ಬಿಸುವವರನ್ನು ಬಾಲ್ಯದಿಂದಲೂ ಕೇಳಿದ್ದೇನೆ. ಗೌರವ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಆ ಕಲ್ಲುಗಳು ದಾಟುವುದು ಗಂಡಸಿನ ಕೈಯಿಂದ ಗಂಡಸಿನ ಕೈಗೆ. ಮದುಮಗಳು ತಲೆ ತಗ್ಗಿಸಿ ನಿಂತಿರುತ್ತಾಳೆ. ಅವಳಿಗೆ ಕಷ್ಟ ಬಂದಿದೆ ಎಂದು ಅರುವನಿಗೆ ಹೇಳುವವರು ಯಾರು?

ನನ್ನ ಅಜ್ಜಿ ಹೇಳುತ್ತಿದ್ದ ಕಥೆ ಮಾತ್ರ ಬೇರೆ. ತುಲಾ ಸಂಕ್ರಮಣ ಕಳೆದು, ಸೌತೆಕಾಯಿಗೆ ಕೆಂಪು ರೇಷ್ಮೆ ಸುತ್ತಿ ಸರ ತೊಡಿಸಿ ಕಣಿ ಪೂಜೆಗೆ ಇಡುವಾಗ ಆಕೆ ಕಾವೇರಿಯ ಕಥೆ ತೆಗೆಯುತ್ತಿದ್ದರು. ತನ್ನನ್ನು ಒಂಟಿಯಾಗಿ ಬಿಟ್ಟು ಹೋಗಬಾರದೆಂಬ ಷರತ್ತಿನ ಮೇಲೆ ಕಾವೇರಿ ಅಗಸ್ತ್ಯರನ್ನು ಮದುವೆಯಾದಳು. ಅವರು ಅವಳನ್ನು ಕಮಂಡಲದಲ್ಲಿಟ್ಟು ಹೊರಟುಹೋದರು. ಅವಳು ಉಕ್ಕಿ ಹರಿದಳು. ತಡೆಯಲು ಹೋದವರೂ ಅವಳ ರಭಸಕ್ಕೆ ತತ್ತರಿಸಿದರು. ನಮ್ಮ ಹೆಂಗಸರು ಸೀರೆಯ ನೆರಿಗೆಯನ್ನು ಬೆನ್ನ ಹಿಂದೆ ಉಡುತ್ತಾರಲ್ಲ, ಬಲಮುರಿಯಲ್ಲಿ ಆ ನೆರಿಗೆ ಹಿಂದಕ್ಕೆ ಸರಿದದ್ದು ಆಗಲೇ. ‘ಮಾತು ತಪ್ಪಿದ, ಹೊರಟಳು, ಅಷ್ಟೇ’ ಎಂದು ಅಜ್ಜಿ ಸೌತೆಕಾಯಿಯ ಸರ ಸರಿಮಾಡುತ್ತಿದ್ದರು. ಬಿಟ್ಟು ಹೋದ ಹೆಂಡತಿಯನ್ನು ಕುಲದೇವಿಯೆಂದು ಪೂಜಿಸುವ ನಾಡು ನಮ್ಮದು. ತವರಿಗೆ ಮರಳಿದ ಮಗಳನ್ನು ಮಾತ್ರ ಹಿಂದಿನ ಬಾಗಿಲಿನಿಂದ ಒಳಗೆ ಕರೆಯುತ್ತೇವೆ.

ಗೋಣಿಕೊಪ್ಪದ ನಿವೃತ್ತ ದಾದಿ

ನಾನು ಹೆಚ್ಚು ಓದಿದವಳಲ್ಲ. ಮೂವತ್ತು ವರ್ಷ ಆಸ್ಪತ್ರೆಯೊಂದರಲ್ಲಿ ದುಡಿದವಳು. ಐರ್ಲೆಂಡಿನ ರಾಡಿ ಡಾಯ್ಲ್ ಎಂಬ ಲೇಖಕ 1996ರಲ್ಲಿ ಬರೆದ ಕಾದಂಬರಿಯೊಂದನ್ನು ಮಗಳು ಕೊಟ್ಟಳು. ಅದರ ಹೆಸರಿನ ಅರ್ಥ ‘ಬಾಗಿಲಿಗೆ ಹೋಗಿ ಬಡಿದುಕೊಂಡ ಹೆಂಗಸು’ ಎಂದು. ಗಾಯಗೊಂಡು ಮತ್ತೆ ಮತ್ತೆ ಆಸ್ಪತ್ರೆಗೆ ಹೋಗುವ ಪಾಲಾ, ಯಾರಾದರೂ ನನ್ನನ್ನು ಕೇಳಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಾಳೆ, ಯಾರೂ ಕೇಳುವುದಿಲ್ಲ. ಬರೆದವನು ಗಂಡಸು ಎಂದು ತಿಳಿದಾಗ ನನಗೆ ಆಶ್ಚರ್ಯವಾಯಿತು, ಕುಶಾಲನಗರದವರಿಗೆ ಸಮಾಧಾನವಾಗಬಹುದು.

ನಮ್ಮಲ್ಲಿ ಬಾಗಿಲಲ್ಲ, ಹಟ್ಟಿಯ ಮೆಟ್ಟಿಲು. ‘ಹಟ್ಟಿಯಲ್ಲಿ ಜಾರಿದೆ ಸಿಸ್ಟರ್.’ ಮಳೆಗಾಲದಲ್ಲಿ ನಂಬಬಹುದಿತ್ತು. ಮಾರ್ಚಿನಲ್ಲಿ, ನೆಲ ಒಣಗಿ ಬಿರುಕು ಬಿಟ್ಟಾಗಲೂ ಜಾರುತ್ತಿದ್ದರು. ನಾನು ‘ಬಿದ್ದು ಗಾಯ’ ಎಂದೇ ಬರೆಯುತ್ತಿದ್ದೆ, ಏಕೆಂದರೆ ಕರೆದುಕೊಂಡು ಬಂದವನು ಮಗ್ಗುಲಲ್ಲೇ ನಿಂತಿರುತ್ತಿದ್ದ. ಕೊನೆಯ ವರ್ಷಗಳಲ್ಲಿ ಒಂದು ಉಪಾಯ ಕಲಿತೆ: ಔಷಧಿ ತರಲು ಅವನನ್ನು ಹೊರಗೆ ಕಳಿಸಿ, ‘ಹಟ್ಟಿಯಲ್ಲಿ ಎಷ್ಟು ಮೆಟ್ಟಿಲಿವೆ?’ ಎಂದು ಕೇಳುವುದು. ಕೆಲವರು ಅಳುತ್ತಿದ್ದರು. ಒಬ್ಬಾಕೆ ನಕ್ಕಳು. ‘ಮೆಟ್ಟಿಲೇ ಇಲ್ಲ’ ಎಂದಳು. ಸಾಂತ್ವನ ಕೇಂದ್ರದ ವಿಳಾಸವನ್ನೂ ಮಹಿಳಾ ಸಹಾಯವಾಣಿಯ 181 ಸಂಖ್ಯೆಯನ್ನೂ ಔಷಧಿ ಚೀಟಿಯ ಹಿಂದೆ ಬರೆದು ಕೊಡುತ್ತಿದ್ದೆ. ಫೋನು ಮಾಡಿದರೋ ಇಲ್ಲವೋ ಎಂದು ನನಗೆ ತಿಳಿಯಲು ದಾರಿಯಿರಲಿಲ್ಲ.

ಸಿದ್ದಾಪುರದ ಪದವಿ ವಿದ್ಯಾರ್ಥಿನಿ

ನಾನು ಲೈನ್ ಮನೆಯಲ್ಲಿ, ಅಂದರೆ ತೋಟದ ಕೂಲಿಯವರ ಸಾಲುಮನೆಯಲ್ಲಿ, ಹುಟ್ಟಿ ಬೆಳೆದವಳು. ಇಲ್ಲಿಯವರೆಗೆ ಬಂದ ಮಾತುಗಳಲ್ಲಿ ಮಳೆಯ ಸದ್ದಿಗೆ ಕೂಗು ಮುಚ್ಚಿಹೋಗುವ ಒಂಟಿ ಮನೆ ಇದೆ. ನಮ್ಮ ಸಾಲಿನಲ್ಲಿ ಮನೆಗೂ ಮನೆಗೂ ನಡುವೆ ಒಂದೇ ಗೋಡೆ. ಪಕ್ಕದವರ ಕೆಮ್ಮು ಕೂಡ ನಮ್ಮದೇ. ಎಲ್ಲರಿಗೂ ಎಲ್ಲವೂ ಕೇಳುತ್ತದೆ. ಕೇಳುವುದು ಬೇರೆ, ಕೇಳಿಸಿಕೊಳ್ಳುವುದು ಬೇರೆ. ಬಟವಾಡೆಯ ಸಂಜೆ ಸದ್ದು ಶುರುವಾದರೆ ಮೂರನೆಯ ಮನೆಯ ಅಜ್ಜಿ ಒನಕೆಯ ತುದಿಯಿಂದ ಗೋಡೆಗೆ ಮೂರು ಸಲ ಕುಟ್ಟುತ್ತಿದ್ದರು. ಬೈಗುಳವಿಲ್ಲ, ಪಂಚಾಯಿತಿಯಿಲ್ಲ, ಬರಿಯ ಮೂರು ಕುಟ್ಟು. ಒಳಗಿನ ಕೈ ನಿಲ್ಲುತ್ತಿತ್ತು. ಯಾವಾಗಲೂ ಅಲ್ಲ, ಬಹಳ ಸಲ. ಉಪನ್ಯಾಸಕರು ಇದಕ್ಕೆ ಎಷ್ಟು ಅಂಕ ಕೊಡುತ್ತಾರೋ ತಿಳಿಯದು.

ಕಾವೇರಿಯ ಕಥೆ ನನಗೂ ಇಷ್ಟ, ಆದರೆ ಅವಳಿಗೆ ಬಸ್ಸಿನ ಟಿಕೆಟು ಬೇಕಿರಲಿಲ್ಲ. ಈಗ ಶಕ್ತಿ ಯೋಜನೆಯಲ್ಲಿ ನಮಗೂ ಟಿಕೆಟಿಗೆ ಹಣ ಬೇಡ, ಆದರೆ ಇಳಿದ ಮೇಲೆ ಹೋಗುವುದೆಲ್ಲಿಗೆ? ಲೈನ್ ಮನೆ ತೋಟದವರದು. ಕೆಲಸ ಬಿಟ್ಟರೆ ಮನೆಯೂ ಹೋಗುತ್ತದೆ. ಹೊಡೆಯುವ ಗಂಡನನ್ನು ಬಿಡುವುದೆಂದರೆ ಕೂಲಿಯನ್ನೂ ಸೂರನ್ನೂ ಮಕ್ಕಳ ಶಾಲೆಯನ್ನೂ ಒಂದೇ ದಿನ ಬಿಡುವುದು. ಇದನ್ನು ಅರ್ಥ ಮಾಡಿಕೊಂಡ ಕಥೆಯೊಂದನ್ನು ನಾನು ಓದಿದ್ದೇನೆ: ಜೋರಾ ನೀಲ್ ಹರ್ಸ್ಟನ್ 1926ರಲ್ಲಿ ಬರೆದದ್ದು. ಫ್ಲಾರಿಡಾದ ಡೀಲಿಯಾ ಬಿಳಿಯರ ಬಟ್ಟೆ ಒಗೆದು ತನ್ನ ಬೆವರಿನಿಂದ ಮನೆ ಮಾಡಿಕೊಂಡವಳು. ಹದಿನೈದು ವರ್ಷ ಹೊಡೆದ ಗಂಡ ಈಗ ಇನ್ನೊಬ್ಬಳಿಗಾಗಿ ಆ ಮನೆಯಿಂದಲೇ ಇವಳನ್ನು ಓಡಿಸಬೇಕೆಂದು ಬಟ್ಟೆಯ ಬುಟ್ಟಿಯಲ್ಲಿ ಹಾವು ಇಡುತ್ತಾನೆ. ಅವಳು ಹಾವಿನಿಂದ ತಪ್ಪಿಸಿಕೊಂಡು ಹೊರಗೋಡುತ್ತಾಳೆ, ಮನೆಯನ್ನು ಬಿಟ್ಟುಕೊಡುವುದಿಲ್ಲ. ಹಾವು ಕಚ್ಚುವುದು ಅವನನ್ನು. ಅವನು ಕೂಗುವಾಗ ಅವಳು ಹೊರಗೆ ಮರದ ಕೆಳಗೆ ಕಾಯುತ್ತಾಳೆ. ಒಳ್ಳೆಯವಳೋ ಕೆಟ್ಟವಳೋ ಎಂದು ನಮ್ಮ ತರಗತಿಯಲ್ಲಿ ಜಗಳವೇ ಆಯಿತು.

ಸುಂಟಿಕೊಪ್ಪದ ಓದುಗಿ

ವಿದ್ಯಾರ್ಥಿನಿಯ ಮಾತಿನ ಮುಂದೆ ನನ್ನ ಹೆಪ್ಪಿನ ಲೋಟ ಸಣ್ಣದಾಯಿತು, ಇರಲಿ.

ನಮ್ಮ ಊರಿನವರೇ ಆದ ಕೊಡಗಿನ ಗೌರಮ್ಮನವರನ್ನು ಇನ್ನೂ ಯಾರೂ ಎತ್ತಲಿಲ್ಲ. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿ, 1939ರಲ್ಲಿ, 27ನೆಯ ವಯಸ್ಸಿನಲ್ಲಿ, ಈಜಲು ಹೋಗಿ ನೀರಿನಲ್ಲಿ ತೀರಿಕೊಂಡರು. ಬರೆಯುತ್ತಿದ್ದುದು ಗಂಡನ ಹೆಸರಿನ ಅಕ್ಷರಗಳನ್ನು ಹೊತ್ತ ‘ಬಿ.ಟಿ.ಜಿ. ಕೃಷ್ಣ’ ಎಂಬ ಹೆಸರಿನಲ್ಲಿ. ಕನ್ನಡ ಉಳಿಸಿಕೊಂಡದ್ದು ಊರಿನ ಹೆಸರನ್ನು. ಗಾಂಧೀಜಿ 1934ರಲ್ಲಿ ಕೊಡಗಿಗೆ ಬಂದಾಗ ತಮ್ಮ ಮನೆಗೂ ಬರಬೇಕೆಂದು ಉಪವಾಸ ಕೂತು ಅವರನ್ನು ಬರಮಾಡಿಕೊಂಡು, ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟ ಸಂಗತಿ ಎಲ್ಲರಿಗೂ ಗೊತ್ತು. ಊಟ ಬಿಡುವುದು ನಮ್ಮ ಮನೆಗಳಲ್ಲಿ ಹೆಂಗಸಿನ ಅತ್ಯಂತ ಹಳೆಯ ಅಸ್ತ್ರ. ಆಕೆ ಅದನ್ನು ಗಾಂಧಿಯ ಮೇಲೆಯೇ ಪ್ರಯೋಗಿಸಿದರಲ್ಲ ಎಂದು ನನಗೆ ಪ್ರತಿ ಸಲವೂ ನಗು ಬರುತ್ತದೆ. ಅವರ ಕಥೆಗಳಲ್ಲಿ ಕೈಯೆತ್ತುವ ಗಂಡಂದಿರಿಗಿಂತ ವಂಚಿಸುವ, ಮರೆಯುವ, ಬಿಟ್ಟುಹೋಗುವ ಗಂಡಸರೇ ಹೆಚ್ಚು. ವಕೀಲೆಯವರು ಹೇಳಿದ 3ನೆಯ ಪ್ರಕರಣವನ್ನು ಆ ಕಥೆಗಳ ಪಕ್ಕದಲ್ಲಿಟ್ಟು ಓದಿದರೆ, ಗೌರಮ್ಮ ಬರೆದದ್ದಕ್ಕೆ ಕಾನೂನು ಹೆಸರಿಡಲು ಅರವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು ಎಂದು ತಿಳಿಯುತ್ತದೆ.

ಗೌರಮ್ಮನವರ ಕಥೆಗಳನ್ನು ಇಂಗ್ಲಿಷಿಗೆ ತಂದವರು ಮಡಿಕೇರಿಯ ದೀಪಾ ಭಾಸ್ತಿ. ಅವರೇ ಅನುವಾದಿಸಿದ ಬಾನು ಮುಷ್ತಾಕ್ ಅವರ ಕಥೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು. ‘ಎದೆಯ ಹಣತೆ’ ಕಥೆಯ ಮೆಹರುನ್ ಹಸುಗೂಸನ್ನು ಎತ್ತಿಕೊಂಡು ತವರಿಗೆ ಬರುತ್ತಾಳೆ. ಅಂದರೆ ಅವಳು ಮನೆ ಬಿಟ್ಟೇ ಬಿಡುತ್ತಾಳೆ! ಅಣ್ಣಂದಿರು ಅವಳನ್ನು ತಿರುಗಿ ಗಂಡನ ಮನೆಗೇ ತಂದು ಬಿಡುತ್ತಾರೆ. ಆ ರಾತ್ರಿ ಸೀಮೆಎಣ್ಣೆ ಸುರಿದುಕೊಂಡವಳನ್ನು ತಡೆಯುವುದು ಮಗಳು ಸಲ್ಮಾ, ಕೂಸನ್ನು ಹಿಡಿದುಕೊಂಡು. ‘ಕರಿ ನಾಗರಗಳು’ ಕಥೆಯಲ್ಲಿ ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಬಿಟ್ಟ ಹೆಂಗಸು ನ್ಯಾಯಕ್ಕಾಗಿ ಮಸೀದಿಯ ಅಂಗಳದಲ್ಲಿ ಕೂರುತ್ತಾಳೆ. ಅವಳಿಗೆ ನ್ಯಾಯ ಸಿಗುವುದಿಲ್ಲ. ಆದರೆ ಅವಳನ್ನು ನೋಡುತ್ತ ಇದ್ದ, ಮಸೀದಿಯ ಆಡಳಿತ ನೋಡುವ ಮುತವಲ್ಲಿಯ ಹೆಂಡತಿ, ಗಂಡ ಬೇಡವೆಂದಿದ್ದ ಸಂತಾನಹರಣ ಚಿಕಿತ್ಸೆಗೆ ತಾನೇ ಹೊರಡುತ್ತಾಳೆ. ಒಬ್ಬಳು ಅಂಗಳದಲ್ಲಿ ಕೂತದ್ದು ಇನ್ನೊಬ್ಬಳ ಕಾಲಿಗೆ ಬಲ ಕೊಟ್ಟಿತು. ಉಪನ್ಯಾಸಕರೇ, ಇದನ್ನು ಸಹನೆ ಎನ್ನುತ್ತೀರೋ?

ವಿರಾಜಪೇಟೆಯ ಉಪನ್ಯಾಸಕ

ಎನ್ನುವುದಿಲ್ಲ. ನಾದಿರಾಳ ವಿಷಯದಲ್ಲಿ ನನ್ನ ಮಾತು ಹಾಗೆಯೇ ಇದೆ. ಅವಳ ಕೆರೆಯ ಬಳಿ ಒಬ್ಬ ಸಲ್ಮಾ ಇರಲಿಲ್ಲ ಎಂದಷ್ಟೇ ಈಗ ಸೇರಿಸುತ್ತೇನೆ. ಗೋಡೆಗೆ ಕುಟ್ಟಿದ ಅಜ್ಜಿಗೆ ಪೂರ್ಣ ಅಂಕ.

ಕುಶಾಲನಗರದ ಓದುಗ

ವಕೀಲೆಯವರು ಹೇಳಿದಂತೆ ನನ್ನ ವಾಕ್ಯವನ್ನು ಓದಿಕೊಂಡೆ. ತಾಯಿಗೆ ಈಗ 78 ವರ್ಷ. ನಿನ್ನೆ ಸಂಜೆ ಜಗಲಿಯಲ್ಲಿ ಕೂತು, ‘ಅಪ್ಪ ನಿನ್ನ ಹತ್ತಿರ ಏಕೆ ಮಾತಾಡುತ್ತಿರಲಿಲ್ಲ?’ ಎಂದು ಕೇಳಿದೆ. ‘ಇಷ್ಟು ವರ್ಷ ಆದ ಮೇಲೆ ಕೇಳುತ್ತೀಯಲ್ಲ’ ಎಂದು ಒಳಗೆ ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಎರಡು ಲೋಟ ಕಾಫಿ ತಂದು ಮತ್ತೆ ಬಂದು ಕೂತರು. ಮುಂದಿನದನ್ನು ಇಲ್ಲಿ ಬರೆಯಲಾರೆ.

ಸಿದ್ದಾಪುರದ ಪದವಿ ವಿದ್ಯಾರ್ಥಿನಿ

ಕೌದಿಯ ಕಥೆಯನ್ನು ಹುಡುಕಿ ಓದಿ, ರಾತ್ರಿ ಅಮ್ಮನಿಗೆ ನಮ್ಮ ಮಾತಿನಲ್ಲಿ ಹೇಳಿದೆ. ಆಕೆಗೆ ಓದು ಬರಹ ಬಾರದು. ಪಾತ್ರೆ ತೊಳೆದು ಕವುಚಿಡುತ್ತ ಕೇಳುತ್ತಿದ್ದಳು. ಹಗ್ಗದ ಮಾತು ಬಂದಾಗ ಏನೂ ಅನ್ನಲಿಲ್ಲ. ಹೊಲಿಗೆ ಅಡ್ಡಾದಿಡ್ಡಿಯಾದ ಜಾಗದಲ್ಲಿ ಕೈ ನಿಲ್ಲಿಸಿ ‘ಹ್ಞೂಂ’ ಎಂದಳು. ಹಕ್ಕಿಯ ಪೆಟ್ಟಿಗೆ ಕೋಟಿನ ಜೇಬಿಗೆ ಹೋಯಿತು, ಕಥೆ ಅಲ್ಲಿಗೆ ಮುಗಿಯಿತು ಎಂದೆ. ಅಮ್ಮ ಕೈ ಒರೆಸಿಕೊಂಡು ಬಂದು ಕೂತಳು.

‘ಸರಿ, ಮನೆಗೆ ಹೋದ ಮೇಲೆ ಆ ಪೆಟ್ಟಿಗೆಯನ್ನು ಎಲ್ಲಿಟ್ಟಳಂತೆ? ಅವಳಿಗೂ ಗಂಡ ಇದ್ದನಲ್ಲ.’